ಹತ್ತು ನಿಮಿಷ ಮುಂದೆ

ಹೊಂಗೆಮರದ ನೆರಳು ಕಾಲಿನಿಂದ ಸರಿದು ಚಪ್ಪಲಿಯ ತುದಿಗೆ ಬಂದಿದೆ, ಅಂದರೆ ಮಧ್ಯಾಹ್ನ ಒಂದು ಗಂಟೆಯಾಯಿತು, ಮರಳೂರಿನ ಈ ಪರೀಕ್ಷಾ ಕೇಂದ್ರದ ಗೇಟು ಇನ್ನೂ ಮುಚ್ಚಿದೆ, ಒಳಗೆ ನನ್ನ ಮಂಗಳಗೌರಿ ಹತ್ತನೇ ಕ್ಲಾಸಿನ ಗಣಿತ ಬರೆಯುತ್ತಿದ್ದಾಳೆ, ಎರಡನೇ ಸಲ — ಸಿದ್ಧಲಿಂಗೇಶ್ವರಾ, ಅವಳಿಗೆ ಲೆಕ್ಕ ಮರೆಯದಿರಲಿ. ಬೆಳಿಗ್ಗೆ ಬಸ್ಸು ಗುಬ್ಬಿ ದಾಟಿದ ಮೇಲೆ ಯಡಿಯೂರಿನ ವಿಭೂತಿಯನ್ನು ಈ ಹೆಬ್ಬೆರಳಿನಿಂದಲೇ ಅವಳ ಹಣೆಗೆ ಒತ್ತಿದೆ, ಮಿಸ್ ನಿಮ್ ಕೈ ಯಾಕಿಷ್ಟು ತಣ್ಣಗಿದೆ ಅಂದಳು, ಕಿಟಕಿಯ ಕಡೆ ತಿರುಗಿಕೊಂಡೆ, ಇದೇ ಹೆಬ್ಬೆರಳು — ಹೋದ ಜೂನ್‌ನಲ್ಲಿ ಸ್ಟೂಲ್ ಹತ್ತಿ, ಕ್ಲಾಸಿನ ಗಡಿಯಾರ ಇಳಿಸಿ, ಹಿಂದಿನ ತಿರುಪು ತಿರುಗಿಸಿದ್ದು, ಹತ್ತು ನಿಮಿಷ ಮುಂದೆ, ಮಕ್ಕಳು ಚುರುಕಾಗಲಿ ಎಂದು, ಯಾರಿಗೂ ಹೇಳದೆ, ನಮ್ಮವ್ವ ಬಸ್ಸು ತಪ್ಪಬಾರದೆಂದು ಮನೆಯಲ್ಲಿ ಇಡುತ್ತಿದ್ದ ಹಾಗೆ. ವರ್ಷವಿಡೀ ಟೈಮ್ ಹೋಯ್ತು ಬರೀರೋ ಎಂದು ಕೂಗಿದ್ದು ಈ ಬಾಯಿ. ಮಾರ್ಚಿನಲ್ಲಿ ಅದೇ ಕೋಣೆಯಲ್ಲಿ ಪರೀಕ್ಷೆ, ನನ್ನನ್ನು ಬೇರೆ ಊರಿನ ಕೇಂದ್ರಕ್ಕೆ ಹಾಕಿದ್ದರು, ಗಡಿಯಾರ ಸರಿಮಾಡುವುದು ಮರೆತೇಹೋಗಿತ್ತು. ಗೌರಿ ಕೊನೆಯ ದೊಡ್ಡ ಲೆಕ್ಕದ ನಡುವೆ ತಲೆಯೆತ್ತಿದಳಂತೆ, ಮುಳ್ಳು ನೋಡಿ, ಟೈಮ್ ಮುಗೀತೆಂದು ಗಾಬರಿಯಾಗಿ, ಸರಿಯಾಗಿ ಬರೆದಿದ್ದಕ್ಕೇ ಗೀಟು ಎಳೆದಳಂತೆ, ಆಮೇಲೆ ಎಲ್ಲಾ ಬೆಳ್ಳಗಾಗೋಯ್ತು ಮಿಸ್, ಎರಡೊಂದ್ಲ ಎರಡೂ ನೆನಪಾಗ್ಲಿಲ್ಲ. ಮೂರು ಮಾರ್ಕ್ಸಿನಲ್ಲಿ ಹೋಯಿತು. ಪರೀಕ್ಷೆಯ ದಿನ ಸಂಜೆಯೇ ಖಾಲಿ ಕೋಣೆಯಲ್ಲಿ ಸ್ಟೂಲ್ ಹತ್ತಿ ಮುಳ್ಳನ್ನು ಹಿಂದಕ್ಕೆ ತಂದೆ, ಯಾರೂ ನೋಡಲಿಲ್ಲ, ಫಲಿತಾಂಶ ಬಂದ ದಿನ ಗಂಗಹನುಮಯ್ಯ ಮೇಷ್ಟ್ರು ನಿಮ್ ಹುಡ್ಗಿ ಎತ್ತಿನಗಾಡಿ ಬುಡಿ ಮೇಡಂ ಅಂದಾಗ ನಾನೂ ನಕ್ಕೆ, ನಕ್ಕೆನಲ್ಲಾ — ಅವಳಪ್ಪ ಹೊನ್ನಯ್ಯ ಹೇಳಿಬಿಟ್ಟಿದ್ದಾನೆ, ಈ ಸಲಾನೂ ಹೋದ್ರೆ ಓದು ಸಾಕು, ಕುಣಿಗಲ್ ಗಾರ್ಮೆಂಟ್ಸ್‌ಗೆ ಹೋಗ್ಲಿ. ಇವತ್ತು ಹೇಳುತ್ತೇನೆ, ನೀನು ನಿಧಾನವಲ್ಲ ಕಣೇ, ಆ ಗಡಿಯಾರ ಸುಳ್ಳು, ಮಾಡಿದವಳು ನಾನು — ಚೆನ್ನಾಗಿ ಬರೆದು ಬಂದರೆ ಹೇಳುವುದು ಸುಲಭ, ಸಿದ್ಧಲಿಂಗೇಶ್ವರಾ, ಚೆನ್ನಾಗಿ ಬರೆಯಲಿ.

ಗೇಟಿನ ಚಿಲಕದ ಸದ್ದು, ಗಂಟೆ ಹೊಡೆದಿಲ್ಲವಲ್ಲ, ನನ್ನ ವಾಚಿನಲ್ಲಿ ಒಂದು ಗಂಟೆ ಐದು ನಿಮಿಷ, ಮುಗಿಯುವುದು ಒಂದೂಕಾಲಿಗೆ, ಅವಳೊಬ್ಬಳೇ ಬರುತ್ತಿದ್ದಾಳೆ, ವಿಭೂತಿ ಬೆವರಿನಲ್ಲಿ ಹುಬ್ಬಿಗಿಳಿದಿದೆ, ಯಾಕೇ ಬಂದೆ ಇನ್ನೂ ಹತ್ತು ನಿಮಿಷ ಇದೆಯಲ್ಲೇ — ಗಡಿಯಾರದ ಕಡೆ ನೋಡ್ಲೇ ಇಲ್ಲ ಮಿಸ್, ನೋಡಿದ್ರೆ ಮತ್ತೆ ಎಲ್ಲಾ ಬೆಳ್ಳಗಾಗೋಗುತ್ತೆ ಅಂತ, ಟೈಮ್ ಆಯ್ತು ಅಂತ ಒಳಗೇ ಅನ್ನಿಸ್ತು, ಕೊಟ್ ಬಂದ್ಬುಟ್ಟೆ, ಕೊನೇ ಲೆಕ್ಕ ಅರ್ಧ ಉಳೀತು. ಹೇಳು, ಈಗ ಹೇಳು, ಅವಳ ಹಣೆ ಒರೆಸಲು ಕೈ ಚಾಚುತ್ತೇನೆ, ಹೆಬ್ಬೆರಳು — ಮತ್ತೆ ಆ ಗಡಿಯಾರದ ತಿರುಪಿನ ಮೇಲೆ, ಸೀಮೆಸುಣ್ಣದ ಬಿಳಿ ಹತ್ತಿದ ಹೆಬ್ಬೆರಳು, ತಿರುಗಿಸುತ್ತಿದೆ, ಮುಂದಕ್ಕೆ, ಹತ್ತು ನಿಮಿಷ, ಹೆಬ್ಬೆರಳು —