ಮುಲಾಮಿನ ಡಬ್ಬಿಯ ಮಣ್ಣು

ಸತ್ತವರ ಮನೆಯ ಮಾತನ್ನು ಹೊರಗಿನವರು ಹೇಳಬಾರದು. ಹೇಳಿದರೂ ಸರಿಯಾಗಿ ಹೇಳಲು ಬಂದೀತೆಂಬ ಧೈರ್ಯವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಬಸ್ಸಿನಿಂದ ಇಳಿದ ಅಯ್ಯಮ್ಮ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಂತುಬಿಟ್ಟಳು. ಹಿಂದೆಯೇ ಬರುತ್ತಿದ್ದ ಗಂಡ ಅಂಬ್ರಪ್ಪ ಅವಳ ಬೆನ್ನಿಗೆ ಡಿಕ್ಕಿ ಹೊಡೆಯುವುದೊಂದು ಬಾಕಿ.

"ಮತ್ತ್ಯಾಕ ನಿಂತಿ?"

"ಮಾರಿ ನೋಡಿ ಹೊಳ್ಳಿ ಬರೋಣು. ನಾ ಮಣ್ಣು ಕೊಡಂಗಿಲ್ಲ. ಮೊದಲೇ ಹೇಳೀನಿ."

"ನನಗ ಹೇಳಿದಿ, ಕಂಡಕ್ಟರಗ ಹೇಳಿದಿ, ಬಾಜೂ ಕುಂತಾಕಿಗೂ ಹೇಳಿದಿ. ತಿಂಥಣಿಯಿಂದ ಸುರಪುರದ ತನಕ ಎಲ್ಲಾರಿಗೂ ಗೊತ್ತಾಗ್ಯದ. ನಡಿ ಇನ್ನ."

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅವಳ ತಮ್ಮ ಹುಲಗಪ್ಪ ನಿನ್ನೆ ಸಂಜೆ ಯಾರದೋ ಪ್ಯಾಂಟಿನ ಗೆರೆ ಕೂಡಿಸುತ್ತ ನಿಂತಲ್ಲೇ ಕುಸಿದಿದ್ದ. ದವಾಖಾನೆ ಮುಟ್ಟುವಷ್ಟರಲ್ಲಿ ಉಸಿರು ಹೋಗಿತ್ತು.

ಹದಿನಾರು ವರ್ಷಗಳ ಹಿಂದೆ ಅವರ ಅವ್ವ ತೀರಿಕೊಂಡಾಗ ಹುಲಗಪ್ಪ ಹಡಗಿನ ಮೇಲಿದ್ದ. ಮುಂಬೈಗೆ ದುಡಿಯಲು ಹೋದವನು, ಅಲ್ಲಿಂದ ಏಜೆಂಟನೊಬ್ಬನ ಬೆನ್ನು ಹತ್ತಿ, ಭೂಮಿಯ ಉತ್ತರದ ತುದಿಯಲ್ಲಿ ಪ್ರವಾಸಿಗಳನ್ನು ಹೊತ್ತು ಊರಿಂದೂರಿಗೆ ತಿರುಗುವ ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದ. ಒಬ್ಬನೇ ಮಗನೆಂದು ದಾರಿ ನೋಡಿ, ಹೆಣವನ್ನು ಮರುದಿನ ಹೊತ್ತು ಮುಳುಗುವವರೆಗೂ ಇಟ್ಟರು. ಅವನು ಬರಲಿಲ್ಲ. ಮೊದಲ ಹಿಡಿ ಮಣ್ಣನ್ನು ಅಯ್ಯಮ್ಮನೇ ಹಾಕಬೇಕಾಯಿತು. ಹಾಕಿದವಳು ಎರಡೂ ಕೈ ಝಾಡಿಸುತ್ತ ಎಲ್ಲರೆದುರು ಅಂದಿದ್ದಳು: "ಅವ್ವನ ಮಣ್ಣಿಗಿ ಬರದಾಂವನ ಮಣ್ಣಿಗಿ ನಾನೂ ಬರಂಗಿಲ್ಲ."

ಈಗ ಬಂದಿದ್ದಳು. ಮುಖ ನೋಡುವುದಕ್ಕಷ್ಟೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ.

ಅಂಗಳದಲ್ಲಿ ಹುಲಗಪ್ಪನಿಗೆ ನೀರು ಹಾಕುವ ಸಿದ್ಧತೆ ನಡೆದಿತ್ತು. ಓಣಿಯ ಹಿರಿಯಳು ರೇಣಮ್ಮ ಅಳುವುದನ್ನೂ ಮಾತಾಡುವುದನ್ನೂ ಒಟ್ಟಿಗೇ ಮಾಡುತ್ತಿದ್ದಳು.

"ಹಡಗಿನ ಹುಲಗಪ್ಪ ಹೋದನಲ್ಲೋ ಯಪ್ಪಾ! ಸೂರ್ಯಾನೇ ಹುಟ್ಟದ ಊರಾಗ ಇದ್ದು ಬಂದೀನಿ ಅಂತಿದ್ದ. ಬ್ಯಾಸಿಗ್ಯಾಗ ನಾವೆಲ್ಲ, ನಮಗೂ ಆ ಊರಿಗಿ ಒಂದ ಟಿಕೆಟ್ ತೆಗಸೋ ಅಂತ ಕಾಡಸ್ತಿದ್ವಿ. ನಮ್ಮನ್ನ ಬಿಟ್ಟು ತಾನೊಬ್ಬನೇ ಟಿಕೆಟ್ ತೆಗಸಿಕೊಂಡ!"

ಒಂದಿಬ್ಬರು ಅಳುತ್ತಲೇ ನಕ್ಕರು. ಅಯ್ಯಮ್ಮ ನಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ಆತು ನಿಂತಳು. ತಮ್ಮನ ಹೆಂಡತಿ ದುರಗಮ್ಮ ಅವಳನ್ನು ನೋಡಿ ಕುಳಿತಲ್ಲೇ ಸರಿದು ಜಾಗ ಮಾಡಿದಳು.

ಅಂಗಿ ಬಿಚ್ಚುವಾಗ ಹೆಣದ ಕಿಸೆಯಿಂದ ಏನೋ ಠಣ್ಣೆಂದು ಬಿತ್ತು. ಚಪ್ಪಟೆಯ ಸಣ್ಣ ತಗಡಿನ ಡಬ್ಬಿ. ಮೇಲಿನ ಬಣ್ಣ ಕೈ ತಾಗಿ ತಾಗಿ ಸವೆದಿತ್ತು.

"ಸುಣ್ಣದ ಡಬ್ಬಿ ಇರಬೇಕು," ಎನ್ನುತ್ತ ರೇಣಮ್ಮ ಅದನ್ನೆತ್ತಿ ಮುಚ್ಚಳ ತೆಗೆದಳು. ತೆಗೆದವಳು ಹಾವು ಹಿಡಿದಂತೆ ಕೈ ದೂರ ಚಾಚಿದಳು. "ಅಯ್ಯ ಶಿವನೇ! ಮಣ್ಣು! ಯಾರೋ ಮಾಟ ಮಾಡಿಸ್ಯಾರ ಇಂವಗ! ಅದಕ್ಕೇ ನಿಂತಲ್ಲೇ ಬಿದ್ದಾನ!"

ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕಪ್ಪನೆಯ ಹೆಂಟೆ, ನಡುನಡುವೆ ಬಿಳಿಯ ಕಾಳುಗಳು. ಇಂಥ ಮಣ್ಣು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮಂತ್ರಿಸಿದ ಅಕ್ಕಿಕಾಳೆಂದೇ ಎಲ್ಲರೂ ನಂಬಿದರು. "ಗಟಾರಕ್ಕ ಚೆಲ್ರಿ, ಜಲ್ದಿ!" ಎಂದು ಅಯ್ಯಮ್ಮನೇ ಕೂಗಿದಳು. ಆ ಮನೆಯಲ್ಲಿ ಅವಳಾಡಿದ ಮೊದಲ ಮಾತು ಅದು.

"ಚೆಲ್ಲಬ್ಯಾಡ್ರಿ!" ದುರಗಮ್ಮ ಕುಳಿತಲ್ಲಿಂದಲೇ ತೆವಳುತ್ತ ಬಂದು ಡಬ್ಬಿಯನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. "ಮಾಟ ಅಲ್ಲ ಅಕ್ಕಾ. ಇದು ಅವ್ವಂದು. ಅಂವ ಅವ್ವಗ ಕೊಡಬೇಕಾದ ಮಣ್ಣು."

"ಏನ್ ಹೇಳಾಕತ್ತಿ? ಅವ್ವಗ ಎಲ್ಲಿಂದ ಕೊಟ್ಟಾ ಅಂವ?"

"ಕೊಟ್ಟಿಲ್ಲ. ಕೊಡಬೇಕಂತ ತಂದಿದ್ದ. ಮುನಾವರಣ್ಣಾ, ನೀವರ ಹೇಳ್ರಿ. ಆವಾಗ ಸಂಗಾಟ ಇದ್ದಾಂವ್ರು ನೀವು."

ಬಾಗಿಲ ಹೊರಗೆ ಗಂಡಸರ ನಡುವೆ ಕುಳಿತಿದ್ದ, ಶಹಾಪುರದಲ್ಲಿ ಲಾಂಡ್ರಿ ಇಟ್ಟಿರುವ ಮುನಾವರ ಎದ್ದು ಬಂದ. ಹುಲಗಪ್ಪನ ಜೊತೆ ಮುಂಬೈಗೆ ಹೋದವನು, ಜೊತೆಗೇ ಹಡಗು ಹತ್ತಿದವನು. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಒಂದ ಹಿಡಿ ಮಣ್ಣಿಗಿ ಈ ಮನಷ್ಯಾ ಇಡೀ ಹಡಗ ತಲಿಮ್ಯಾಲ ಮಾಡಿದ್ದ, ಅಕ್ಕಾರ," ಎಂದ.

*

ಅವನು ಹೇಳಿದ್ದು ಇದು.

ಚಳಿಗಾಲ. ಹಡಗು ದಂಡೆಗುಂಟ ಉತ್ತರಕ್ಕೆ ಹೋಗುತ್ತಿತ್ತು. ಒಂದೊಂದು ಸಣ್ಣ ಬಂದರಿನಲ್ಲೂ ಗಳಿಗೆ ಹೊತ್ತು ನಿಂತು, ಮೀನಿನ ಪೆಟ್ಟಿಗೆ, ಟಪಾಲಿನ ಚೀಲ ಇಳಿಸಿ ಮತ್ತೆ ಹೊರಡುವುದು. ಅಲ್ಲಿ ಸೂರ್ಯ ಮೂಡುವುದಿಲ್ಲ. ಮಧ್ಯಾಹ್ನ ಒಂದಿಷ್ಟು ನೀಲಿ ಬೆಳಕು ಬಂದು ಹೋಗುತ್ತದೆ. ಆಕಾಶದಲ್ಲಿ ಹಸಿರು ಬೆಳಕಾಡಿದರೆ ಗಂಟೆ ಬಾರಿಸುತ್ತಾರೆ. ಪ್ರವಾಸಿಗಳೆಲ್ಲ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಮೇಲಕ್ಕೆ ಓಡುತ್ತಾರೆ. ಮುನಾವರ, ಹುಲಗಪ್ಪ ಇರುತ್ತಿದ್ದದ್ದು ಹಡಗಿನ ತಳದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಬೆಯಾಡುವ ಹಾಸಿಗೆ ಬಟ್ಟೆಗಳ ನಡುವೆ. ಸೋಪಿನ ನೀರಿಗೆ ಕೈ ಸೀಳಿ ರಕ್ತ ಬರುತ್ತಿತ್ತು. ಮುಲಾಮು ಹಚ್ಚಿಕೊಂಡು ಮಲಗುತ್ತಿದ್ದರು.

ಒಂದು ಬಂದರಿನಲ್ಲಿ ಫೋನು ಸಿಕ್ಕಿತು. ಅವ್ವ ಹೋಗಿ ಆಗಲೇ ನಾಲ್ಕು ದಿನವಾಗಿತ್ತು. ಹುಲಗಪ್ಪ ಹೆಂಡತಿಗೆ ಕೇಳಿದ್ದು ಒಂದೇ ಮಾತು. "ಮೊದಲ ಮಣ್ಣು ಯಾರು ಕೊಟ್ರು?"

ಫೋನಿಟ್ಟವನು ಚಮಚವೊಂದನ್ನು ಕಿಸೆಗೆ ಹಾಕಿಕೊಂಡು ಹಡಗಿನಿಂದ ಇಳಿದ, ಮುನಾವರನೂ ಬೆನ್ನಿಗೇ ಇಳಿದ. ಊರಿಗೆ ಹೋಗಲಾಗದಿದ್ದರೆ ಇದ್ದಲ್ಲಿನ ಒಂದು ಹಿಡಿ ಮಣ್ಣಾದರೂ ತಾಯಿಗೆಂದು ಎತ್ತಿಕೊಳ್ಳಬೇಕು ಎಂದ. ಆದರೆ ಎತ್ತಿಕೊಳ್ಳಲು ಮಣ್ಣೇ ಇರಲಿಲ್ಲ. ಬೀದಿ, ಹಿತ್ತಲು, ಮನೆಯ ಮಾಡು ಎಲ್ಲ ಹಿಮ. ಇಗರ್ಜಿಯ ಗೋಡೆಯ ಬುಡದಲ್ಲಿ ಹಿಮ ಸರಿಸಿ ಕೆದಕಿದರೆ ನೆಲ ಕಬ್ಬಿಣದಂತಿತ್ತು. ಚಮಚ ಬಾಗಿಹೋಯಿತು. ಹಿಮ ಗೋರುತ್ತಿದ್ದ ಮುದುಕಿಯೊಬ್ಬಳು ಬಂದು ಏನೆಂದು ಸನ್ನೆಯಲ್ಲಿ ಕೇಳಿದಳು. ಅವನು ಕೈಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚಿ ತೋರಿಸಿದ, ನೆಲ ತೋರಿಸಿದ. ಅವಳಿಗೆ ತಿಳಿದಿರಬೇಕು. ಮೂಲೆಯಲ್ಲಿ ಬೀಗ ಹಾಕಿದ್ದ ಕೋಣೆಯ ಕಡೆ ಬೆರಳು ಮಾಡಿದಳು. ಆ ಊರಲ್ಲಿ ಚಳಿಗಾಲಕ್ಕೆ ಸತ್ತವರನ್ನು ಅಲ್ಲಿಟ್ಟು, ನೆಲ ಮೆತ್ತಗಾದ ಮೇಲೆ ಹೂಳುತ್ತಾರೆಂದು ಹಡಗಿನವರು ಆಮೇಲೆ ಹೇಳಿದರು.

ತಿರುಗಿ ಬರುವಾಗ ಹುಲಗಪ್ಪ ಅಂದನಂತೆ, "ಇಲ್ಲಿ ಸತ್ತವ್ರು ಕಾಯ್ತಾರ, ಮುನಾವರ. ನಮ್ಮವ್ವಗ ಕಾಯಾಕ ಆಗಲಿಲ್ಲ."

ಮರುದಿನ ಅವನು ಒಗೆದ ಮೇಜುಬಟ್ಟೆಗಳನ್ನು ಹೊತ್ತು, ತಳದ ಕೆಲಸಗಾರರು ಕಾಲಿಡಬಾರದಾದ ಊಟದ ಸಭಾಂಗಣಕ್ಕೆ ಹತ್ತಿ ಹೋದ. ಅಲ್ಲೊಂದು ದೊಡ್ಡ ಕುಂಡದಲ್ಲಿ ಗಿಡವಿತ್ತು. ಜನ ಊಟ ಮಾಡುತ್ತಿರುವಾಗಲೇ ಮೊಣಕಾಲೂರಿ, ಬಿಳಿ ಕಾಳು ಬೆರೆಸಿದ ಕುಂಡದ ಮಣ್ಣನ್ನು ಒಂದು ಹಿಡಿ ತೆಗೆದ. ಹಿಡಿದರು, ಬೈದರು. ಕರಾರು ಮುಗಿಯುವವರೆಗೂ ಹಡಗಿನಿಂದ ಇಳಿಯುವಂತಿಲ್ಲವೆಂದರು. ಆಮೇಲೆ ಬಂದ ಊರುಗಳನ್ನೆಲ್ಲ ಅವನು ಹಗ್ಗ ಬಿಗಿಯುವ ಸದ್ದಿನಲ್ಲಷ್ಟೇ ಕೇಳಿದ.

"ಕಡಲಿಗಿ ಚೆಲ್ಲೋ, ನೀರೆಲ್ಲಾ ಒಂದೇ, ನಿಮ್ಮ ಕೃಷ್ಣಾ ಹೊಳಿಗಿ ಮುಟ್ಟತದ ಅಂದೆ," ಎಂದ ಮುನಾವರ. "ಕೇಳಲಿಲ್ಲ. ಮುಲಾಮೆಲ್ಲ ತೆಗೆದು ನನ್ನ ಕೈಗಿ ಬಳದಾ, ಡಬ್ಬಿ ಒರಸಿ ಮಣ್ಣ ತುಂಬಿದಾ."

*

ರೇಣಮ್ಮ ನೀರಿನ ಕೊಡವನ್ನು ಕೆಳಗಿಟ್ಟು ದುರಗಮ್ಮನ ಕಡೆ ತಿರುಗಿದಳು.

"ಮತ್ತ ಊರಿಗಿ ಬಂದ ಮ್ಯಾಲರ ಹಾಕಬೇಕಿಲ್ಲೇನು?" ರೇಣಮ್ಮ ಕೇಳಿದಳು. "ಸುಡುಗಾಡೇನು ಮುಂಬೈದಾಗ ಅದ?"

ದುರಗಮ್ಮ ಅಯ್ಯಮ್ಮನ ಮುಖ ನೋಡಿದಳು.

ಅಯ್ಯಮ್ಮನಿಗೆ ಗೊತ್ತಿತ್ತು. ಅವರ ಮನೆತನದಲ್ಲಿ ಹೆತ್ತವರ ಮಣ್ಣಿಗೆ ತಪ್ಪಿದವನು ತಾನಾಗಿ ಸುಡುಗಾಡಿನೊಳಗೆ ಕಾಲಿಡುವಂತಿಲ್ಲ. ಮಣ್ಣು ಕೊಟ್ಟ ಒಡಹುಟ್ಟಿದವರು ಕೈಹಿಡಿದು ಕರೆದೊಯ್ಯಬೇಕು. ಹುಲಗಪ್ಪನಿಗೆ ಒಡಹುಟ್ಟಿದವಳೆಂದರೆ ಅವಳೊಬ್ಬಳೇ.

"ವರ್ಷಾ ಹಿರಿಯರ ಹಬ್ಬಕ್ಕ ನಾನು, ಪರಿಮಳಾ ಎಡಿ ಹಿಡಕೊಂಡು ಒಳಗ ಹೋಗ್ತಿದ್ವಿ," ಎಂದಳು ದುರಗಮ್ಮ. ತಂದೆಯ ಕಾಲ ಬಳಿ ಕುಳಿತಿದ್ದ ಮಗಳು ಪರಿಮಳಾ ತಲೆ ತಗ್ಗಿಸಿದಳು. "ಅಂವ ಹೊರಗಿನ ಬೇವಿನ ಗಿಡದ ಬುಡಕ ನಿಲ್ತಿದ್ದ. ಕಿಸೇದಾಗ ಡಬ್ಬಿ. ತಿಂಥಣಿ ಹಾದಿ ನೋಡಿಕೋತ. ನಾ ನಿಮ್ಮ ಮನಿಗಿ ಬಂದಿದ್ದೆ ಅಕ್ಕಾ, ಎರಡ ಸಲ. ನೀರು ಕೊಟ್ರಿ. ಮಾತ ಕೊಡಲಿಲ್ಲ."

ಅವನೂ ಬಂದಿದ್ದ. ಹಡಗಿನಿಂದ ಮರಳಿದ ವಾರದಲ್ಲೇ. ಬಿಸಿಲಲ್ಲಿ ಬಾಗಿಲೆದುರು ನಿಂತಿದ್ದ ತಮ್ಮನನ್ನು ಅಯ್ಯಮ್ಮ ಮೇಲಿಂದ ಕೆಳಗೆ ನೋಡಿ, ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದ್ದಳು: "ಯಾರ್ ಬೇಕಾಗಿತ್ರಿ ನಿಮಗ?" ಆ 'ರಿ'ಗೆ ಅವನ ಮುಖ ಬಿದ್ದುಹೋಗಿತ್ತು.

"ಚೀಲದಾಗ ಕೈ ಹಾಕಿ ಏನೋ ತಗ್ಯಾಕತ್ತಿದ್ದ," ಅಂಬ್ರಪ್ಪ ಮೆಲ್ಲಗೆ ಅಂದ. "ಅಷ್ಟರಾಗ ನೀ ಕದಾ ಹಾಕಿದಿ."

"ನೀವರ ಹೇಳಬೇಕಿತ್ತಲ್ಲ!"

"ಹೇಳಿದ್ರ ನನಗೂ ಕದಾ ಹಾಕ್ತಿದ್ದಿ."

ಅಯ್ಯಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಕೊಡ ಎತ್ತಿ ತಮ್ಮನ ತಲೆಗೆ ನೀರು ಹಾಕಿದಳು. ಮೂಗಿನ ಮೇಲಿಂದ ನೀರಿಳಿಯುವಾಗ, ಸಣ್ಣವನಿದ್ದಾಗ ಮಾಡುತ್ತಿದ್ದಂತೆ, ಅಂಗೈಯಿಂದ ಅವನ ಕಣ್ಣಿಗೆ ಅಡ್ಡ ಹಿಡಿದಳು.

*

ಸುಡುಗಾಡಿನ ಹೊರಗಿನ ಬೇವಿನ ಗಿಡದ ಹತ್ತಿರ ಹಲಗೆ ಬಾರಿಸುವ ಸದ್ದು ನಿಂತಿತು. ಹೊತ್ತವರು ಹೆಗಲು ಬದಲಿಸುವ ಜಾಗ ಅದು. ಅಯ್ಯಮ್ಮ ಸಿದಿಗೆಯ ಬಿದಿರಿಗೆ ಕೈಯಿಟ್ಟು ತಡೆದಳು.

"ಅವ್ವನ ಕಡಿ ನಡೀರಿ. ಆಮ್ಯಾಲ ಕುಣಿಗಿ."

"ಸಿದಿಗಿ ಹಾದಿ ಬಿಟ್ಟು ಹೊಳ್ಳಸಬಾರದು ಅಯ್ಯಮ್ಮ," ಹಿರಿಯನಾದ ರಾಮಲಿಂಗ ಅಡ್ಡ ಬಂದ. "ಹಿಂಗ ಯಾವತ್ತೂ ಮಾಡಿಲ್ಲ."

"ಹೆಣಾನ ಕೈಹಿಡದು ಕರಕೊಂಡು ಹೋಗಬಾರದು ಅಂತ ಹಿರ್‍ಯಾರು ಹೇಳ್ಯಾರೇನು?"

ರಾಮಲಿಂಗ ಹಾದಿ ಬಿಟ್ಟು ಪಕ್ಕಕ್ಕೆ ಸರಿದ. ಹಾಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಅವಳು ಬಿಳಿ ಬಟ್ಟೆಯೊಳಗೆ ಕೈ ತೂರಿಸಿ ತಮ್ಮನ ಬಲಗೈಯನ್ನು ಹೊರತೆಗೆದಳು. ಬೆರಳುಗಳು ಸೆಟೆದಿದ್ದವು. ಅಂಗೈಯಲ್ಲಿ ಹಳೆಯ ಸೀಳುಗಳ ಗುರುತು ಹಾಗೆಯೇ ಇತ್ತು. ಸಿದಿಗೆ ಹೆಗಲೆತ್ತರದಲ್ಲಿದ್ದರೆ ಅವಳಿಗೆ ಕೈ ನಿಲುಕುವುದಿಲ್ಲ. ಮುನಾವರ ಮೊದಲು ಬಗ್ಗಿದ. ಅವನನ್ನು ನೋಡಿ ಉಳಿದ ಮೂವರೂ ಬಗ್ಗಿದರು. ಆ ಬಿಸಿಲಲ್ಲಿ ನಾಲ್ವರು ಗಂಡಸರು ನಡು ಬಾಗಿಸಿ, ಒಬ್ಬ ಮುದಿ ಅಕ್ಕನ ನಡಿಗೆಗೆ ನಡಿಗೆ ಕೂಡಿಸುತ್ತ, ಜಾಲಿಗಂಟಿಗಳ ನಡುವೆ ಹೋದರು. ಸಾಲೆಗೆ ಬರಲಾರೆನೆಂದು ಅಳುವ ತಮ್ಮನನ್ನು ಎಳೆದೊಯ್ಯುವಾಗ ಹಿಡಿಯುತ್ತಿದ್ದಂತೆ, ಮಣಿಕಟ್ಟಿನ ಹತ್ತಿರ, ಗಟ್ಟಿಯಾಗಿ ಹಿಡಿದಿದ್ದಳು.

"ಇಲ್ಲೇ ಅಕ್ಕಾ," ದುರಗಮ್ಮ ಒಂದು ಸಣ್ಣ ದಿಬ್ಬದೆದುರು ನಿಂತಳು.

ಪರಿಮಳಾ ಡಬ್ಬಿಯ ಮುಚ್ಚಳ ತೆಗೆದಳು. ಮಣ್ಣು ಒಣಗಿ ಬಿಲ್ಲೆಯಾಗಿತ್ತು. ಅಯ್ಯಮ್ಮ ಉಗುರಿನಿಂದ ಒಡೆದು, ಪುಡಿಮಾಡಿ, ತಮ್ಮನ ಅಂಗೈಗೆ ಸುರಿದಳು. ಕೆಳಗಿನಿಂದ ತನ್ನ ಅಂಗೈ ಕೊಟ್ಟು ನಿಧಾನ ವಾಲಿಸಿದಳು.

"ಅವ್ವಾ, ಬಂದಾನ ನೋಡು," ಎಂದಳು. "ಕರಕೊಂಡು ಬಂದೀನಿ."

ಆಮೇಲೆ ಅವನ ಕುಣಿಗೆ ಎಲ್ಲರಿಗಿಂತ ಕಡೆಗೆ ಮಣ್ಣು ಕೊಟ್ಟವಳೂ ಅವಳೇ. ಈ ಸಲ ಕೈ ಝಾಡಿಸಲಿಲ್ಲ.

ಜನ ಕರಗಿದ ಮೇಲೆ ರೇಣಮ್ಮ ಅವ್ವನ ದಿಬ್ಬದ ಬಳಿ ಬಗ್ಗಿ ನೋಡಿದಳು. ಒಣಮಣ್ಣಿನ ಮೇಲೆ ಆ ಬಿಳಿ ಕಾಳುಗಳು ಚದುರಿ ಬಿದ್ದಿದ್ದವು.

"ಇವು ಅಲ್ಲಿ ಬರ್ಫ ಏನೋ ಮುನಾವರ?"

"ಬರ್ಫ ಆದ್ರ ಹದಿನಾರು ವರ್ಷ ಇರ್ತದೇನವ್ವ?"

"ಮತ್ತೇನಿವು?"

ಮುನಾವರ ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಿಸಿಲಿಗೆ ಹಿಡಿದ. ಅದಕ್ಕೆ ತೂಕವೇ ಇರಲಿಲ್ಲ. ಏನೆಂದು ಅವನಿಗೂ ಗೊತ್ತಿರಲಿಲ್ಲ. ಆ ಕುಂಡದ ಮಣ್ಣು ಯಾವ ಊರಿನದೋ, ಅದು ಅವ್ವನಿಗೆ ಮುಟ್ಟಿತೋ ಇಲ್ಲವೋ, ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಬೆರಳನ್ನು ಮೆಲ್ಲಗೆ ದಿಬ್ಬಕ್ಕೆ ಒತ್ತಿ, ಅವನು ಕಾಳನ್ನು ಮತ್ತೆ ಅಲ್ಲಿಯೇ ಇಟ್ಟ.