ರಾಜ ಕಾಡಿನಲ್ಲಿದ್ದಾಗ ಬಂದ ಮೀಟರು

ಪುತ್ತೂರಿನಲ್ಲಿ ಭೌತಶಾಸ್ತ್ರ ಓದುವ ನನ್ನ ತಂಗಿಯ ಮಗಳು ಅನಘಾ, ಕಡಬದ ನಮ್ಮ ಮನೆಗೆ ಬಂದವಳು, ಕಾಲೇಜಿನಿಂದ ತಂದಿದ್ದ ಮೀಟರನ್ನು ಚಾವಡಿಯ ಕೆಂಪು ಗ್ರಾನೈಟಿನ ನೆಲದ ಮೇಲಿಟ್ಟಳು. ಅಂಗಳದಲ್ಲಿ ಇಟ್ಟಾಗಿನದಕ್ಕಿಂತ ಅದು ಚುರುಕಾಗಿ ಟಿಕ್ ಟಿಕ್ ಎಂದಿತು. ನಮ್ಮ ಯಜಮಾನರ ಮುಖ ಸಣ್ಣದಾಯಿತು. ನಾಲ್ಕು ಸಲ ಉಪ್ಪಿನಂಗಡಿಗೆ ಹೋಗಿ ಇವರೇ ಆರಿಸಿದ ಕಲ್ಲು ಅದು.

"ಎಂತ ಮಾರಾಯ್ತಿ ಅದು?"

"ವಿಕಿರಣ ಅಳೆಯುವ ಮೀಟರು, ದೊಡ್ಡಪ್ಪ. ವಿಕಿರಣ ಎಲ್ಲ ಕಲ್ಲಿನಲ್ಲೂ ಉಂಟು. ಇದರಲ್ಲಿ ಸ್ವಲ್ಪ ಹೆಚ್ಚು. ಹೆದರುವಷ್ಟು ಇಲ್ಲ."

ಇವರಿಗೆ ಕೇಳಿಸಿದ್ದು 'ಹೆಚ್ಚು' ಮಾತ್ರ. ದಿನಾ ಸಂಜೆ ಆ ನೆಲದಲ್ಲಿ ಕೂತು ಪುರಾಣದ ಪದ್ಯ ಓದುವವರು, ಅಂದು ಪುಸ್ತಕದ ಬಟ್ಟೆ ಬಿಚ್ಚಲಿಲ್ಲ.

"ಕಲ್ಲು ಕೀಳಿಸಿ ಆಮೇಲೆ ಓದುದು."

"ರಾಜ ಕಾಡಿನಲ್ಲಿದ್ದಾನೆ" ಎಂದೆ. ಕತೆಯ ಅರಸ ಕಾಡಿನಲ್ಲಿರುವಾಗ ಒಂದು ಸಂಜೆಯೂ ಓದು ತಪ್ಪಿಸಬಾರದೆಂದು ನನ್ನ ಅಜ್ಜ ಹೇಳುತ್ತಿದ್ದರು. ಈ ಮನೆಯಲ್ಲೂ ಅದು ಇಷ್ಟು ವರ್ಷ ತಪ್ಪಿರಲಿಲ್ಲ.

"ಇರ್ಲಿ. ಕಾಡಿನಲ್ಲಿ ಗ್ರಾನೈಟ್ ಇಲ್ಲ."

"ಬಂಡೆ ಇಲ್ವಾ?"

ಇವರು ಪುಸ್ತಕವನ್ನು ಕಪಾಟಿನಲ್ಲಿಟ್ಟರು. ಓದು ನಿಂತಿತು. ಮೂರು ಸಂಜೆ ದೀಪ ಹಚ್ಚಿ ಸುಮ್ಮನೆ ಕೂತೆ.

ನಾಲ್ಕನೆಯ ಸಂಜೆ ಅನಘಾ ಕಿಟಕಿಗಳನ್ನು ನೋಡಿದಳು. "ಇದೆಂತಕ್ಕೆ ಮುಚ್ಚಿದ್ದು? ಕಲ್ಲಿನಿಂದ, ನೆಲದಿಂದ ರೇಡಾನ್ ಅಂತ ಒಂದು ಅನಿಲ ಬರ್ತದೆ. ಮುಚ್ಚಿದ್ರೆ ಒಳಗೇ ನಿಲ್ತದೆ, ತೆರೆದ್ರೆ ಹೋಗ್ತದೆ. ಕಲ್ಲು ಕೀಳುದು ಬೇಡ ದೊಡ್ಡಪ್ಪ, ಕಿಟಕಿ ತೆರೀರಿ."

"ಸೊಳ್ಳೆ ಬರ್ತದೆ" ಎಂದರು.

ಸೊಳ್ಳೆಯಲ್ಲ, ಸಜಿ. ಪಕ್ಕದ ರಬ್ಬರ್ ತೋಟದವನು. ಒಮ್ಮೆ ಇವರು ಏರುಸ್ವರದಲ್ಲಿ ಓದುವಾಗ ಬೇಲಿಯಾಚೆಯಿಂದ "ಭಟ್ರೇ, ದನ ಕರು ಹಾಕಿತಾ?" ಎಂದು ಕೇಳಿದ್ದ. ಅಂದಿನಿಂದ ಚಾವಡಿಯ ಕಿಟಕಿ ಸದಾ ಬಂದ್.

ನಾನೇ ಎದ್ದು ಆರೂ ಕಿಟಕಿ ತೆರೆದೆ. ಇವರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಪುಸ್ತಕ ತಂದು ಕೂತರು. ಎರಡು ಪದ್ಯ ಪಿಸುಮಾತಿನಲ್ಲೇ ಹೋಯಿತು. ಮೂರನೆಯದರಲ್ಲಿ ರಾಣಿ ಅಳುವ ಜಾಗ, ಸ್ವರ ತಾನಾಗಿ ಏರಿತು.

"ಭಟ್ರೇ!" ಕಿಟಕಿಯ ಹೊರಗಿಂದ ಸಜಿಯ ಸ್ವರ.

ಇವರ ಕೈ ಪುಸ್ತಕ ಮುಚ್ಚಹೋಯಿತು.

"ನಿಲ್ಲಿಸ್ಬೇಡಿ ಮಾರಾಯ್ರೆ. ಇಷ್ಟು ವರ್ಷ ಬೊಬ್ಬೆ ಮಾತ್ರ ಕೇಳ್ತಿತ್ತು, ಕತೆ ಇವತ್ತೇ ಕೇಳಿದ್ದು. ರಾಜ ವಾಪಸ್ ಬರುದು ಯಾವಾಗ?"

ಇವರು ಕನ್ನಡಕ ಸರಿಮಾಡಿಕೊಂಡರು. "ಇನ್ನೂ ತುಂಬ ಉಂಟು. ಒಳಗೆ ಬಾ."

"ಅನಘಾ ಹೇಳಿದ ಆ ಟಿಕ್ ಟಿಕ್ ಕಲ್ಲಿನ ಮೇಲಾ? ಇಲ್ಲೇ ಸಾಕು."

ನಾನು ಕಿಟಕಿಯ ಹೊರಗೆ ಒಂದು ಮಣೆ ಹಾಕಿದೆ. ಆ ದಿನದ ಓದು ಮುಗಿದ ಮೇಲೂ ಅದನ್ನು ಒಳಗೆ ತರಲಿಲ್ಲ. ರಾಜ ಇನ್ನೂ ಕಾಡಿನಲ್ಲೇ ಇದ್ದ.