ಸದ್ದಿಲ್ಲದೆ ನೋಡಿದ ವಿಡಿಯೊ

ನೌಪಾಡಾ ಬಡಾವಣೆಯ ಆ ಮನೆಯಲ್ಲಿ ಏಳು ವರ್ಷದ ದಿಶಾಳ ಗಂಟಲಲ್ಲಿ ಅನ್ನ ಇಳಿಯಬೇಕಾದರೆ ಎದುರಿಗೆ ಯಾರಾದರೂ ಬೀಳಬೇಕಿತ್ತು. ಮೊಬೈಲಿನಲ್ಲಿ ಒಬ್ಬ ಕುರ್ಚಿ ಎಳೆಯುತ್ತಿದ್ದ, ಇನ್ನೊಬ್ಬ ಬೀಳುತ್ತಿದ್ದ, ನಗು ಮೊಳಗುತ್ತಿತ್ತು. ದಿಶಾ ಬಾಯಿ ತೆರೆದು ನೋಡುವಾಗ ಅಜ್ಜಿ ನಾಗವೇಣಿಯಮ್ಮ ತುತ್ತು ತುರುಕುತ್ತಿದ್ದರು. ತಾಯಿ ವಿನೋದಾ ಹೇಳಿ ಹೇಳಿ ಸೋತಿದ್ದಳು.

"ಅತ್ತೆ, ಇದು ಮಕ್ಕಳು ನೋಡುವಂಥದ್ದಾ ಅಂತ ಒಂದನ್ನಾದರೂ ಪೂರ್ತಿ ನೋಡಿದ್ದೀರಾ?"

"ಎಂತ ನೋಡುದು ಮಾರಾಯ್ತಿ? ಬೈಗುಳ ಇಲ್ಲ, ಕೆಟ್ಟ ಡ್ಯಾನ್ಸ್ ಇಲ್ಲ. ಮಗು ಉಣ್ತದಲ್ಲಾ, ಸಾಕು."

ಹೋಟೆಲಿನಿಂದ ಬಂದ ಗಂಡ ಸರ್ವೋತ್ತಮ ಚಪ್ಪಲಿ ಬಿಡುತ್ತಲೇ ತಾಯಿಯ ಪಕ್ಷ ವಹಿಸಿದ. "ನಿನಗೆ ಎಲ್ಲದಕ್ಕೂ ಟೆನ್ಶನ್. ಮಕ್ಕಳ ಚಾನೆಲ್ ಅಂತ ಬರೆದಿದೆ ನೋಡು."

ಬರೆದವರು ಯಾರು? ಹೋಟೆಲಿಗೆ ತರಕಾರಿ ಕೊಳ್ಳುವಾಗ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡುವ ಮನುಷ್ಯ, ಮಗಳ ತಲೆಗೆ ಹೋಗುವುದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿದ್ದ. ವಿನೋದಾಳಿಗೆ ಮೈಯೆಲ್ಲ ಉರಿಯಿತು.

ಹೋಟೆಲಿಗೆ ರಜೆಯಿದ್ದ ಸೋಮವಾರ ಮಧ್ಯಾಹ್ನ ದಿಶಾ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು, ರೆಕಾರ್ಡಿಂಗ್ ಶುರು ಮಾಡಿ, ಅಜ್ಜಿ ಊಟಕ್ಕೆ ಕೂರುವಾಗ ಕುರ್ಚಿ ಎಳೆದಳು. ಸರ್ವೋತ್ತಮ ಹೊಟ್ಟೆ ಹಿಡಿದು ನಕ್ಕ. ವಿನೋದಾ ಓಡಿ ಬಂದು ಎತ್ತಲು ನೋಡಿದಳು, ಅತ್ತೆ ಏಳಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

"ಅಜ್ಜೀ, ಪ್ರ್ಯಾಂಕ್ ಥಾ! ಹಸೋ ನಾ!" ತಮಾಷೆಗೆ ಮಾಡಿದ್ದು, ನಗು ಎಂದು ಮಗು ಹಿಂದಿಯಲ್ಲಿ ಗೋಗರೆಯುತ್ತಲೇ ಇತ್ತು.

ಆಪರೇಷನ್ ಮುಗಿಸಿ ಅತ್ತೆ ಮನೆಗೆ ಬಂದ ದಿನವೂ ವಿಡಿಯೊ ಇಲ್ಲದೆ ದಿಶಾ ತಟ್ಟೆ ಮುಟ್ಟಲಿಲ್ಲ.

"ಒಂದೇ ಒಂದು ಹಾಕು," ಎಂದ ಸರ್ವೋತ್ತಮ. "ಮಗು ಉಪವಾಸ ಕೂತಿದೆ."

"ಹಾಕ್ತೇನೆ." ವಿನೋದಾ ಆ ಸೋಮವಾರದ ವಿಡಿಯೊವನ್ನೇ ಹಾಕಿ, ಆವಾಜ್ ಬಂದ್ ಮಾಡಿ ಅವನೆದುರು ಹಿಡಿದಳು. "ನಗು ಬಿಟ್ಟು ಬರೀ ಮುಖ ನೋಡಿ. ಬಿದ್ದವರೂ ನಗ್ತಿದ್ದಾರಾ? ನಮಗೇ ಹೀಗೆ ಮಾಡಿದ್ರೆ ಸರಿಯಾ? ಮಗುವಿನ ಕೈಗೆ ಕೊಡುವ ಮೊದಲು ಇಷ್ಟು ಕೇಳಿಕೊಳ್ಳಲಿಕ್ಕೆ ನಮಗೆ ಎಂತ ಕಷ್ಟ ಇತ್ತು? ಇನ್ನು ಈ ಮನೆಯಲ್ಲಿ ನಾನು ನೋಡದ್ದನ್ನು ಅವಳು ನೋಡುದಿಲ್ಲ. ಹಸಿದರೆ ಉಣ್ತಾಳೆ."

ಪರದೆಯಲ್ಲಿ ನೆಲಕ್ಕೆ ಬಿದ್ದ ತಾಯಿ ಬಾಯಿ ತೆರೆದು ಮಗನತ್ತ ಕೈ ಚಾಚಿದ್ದರು. ಮಗ ನಗುತ್ತಿದ್ದ.

ಸರ್ವೋತ್ತಮ ಮುಖ ತಿರುಗಿಸಿದ. ದಿಶಾ ತಿರುಗಿಸಲಿಲ್ಲ. "ಅಜ್ಜಿ ಅಳ್ತಾ ಇದ್ರು," ಎಂದಳು, ಆಗಷ್ಟೇ ಕಂಡವಳಂತೆ. "ಪಪ್ಪಾ, ನೀವು ಯಾಕೆ ನಗ್ತಾ ಇದ್ರಿ?"

ಅವನು ಬೇರೆ ವಿಡಿಯೊ ಹಾಕಲು ಮೊಬೈಲಿನತ್ತ ಕೈ ಚಾಚಿದ.

"ಅದನ್ನು ಅಲ್ಲೇ ಬಿಡು ಸರ್ವೋತ್ತಮಾ," ಎಂದರು ಮಂಚದ ಮೇಲಿಂದ ನಾಗವೇಣಿಯಮ್ಮ. "ಊಟ ಆಮೇಲೆ ಆಗ್ತದೆ. ಮೊದಲು ಮಗು ಕೇಳಿದ್ದಕ್ಕೆ ಉತ್ತರ ಕೊಡು."